ಕಂಬದೂರಿನ ಅಂಗನವಾಡಿ, ಬೆಂಗಳೂರಿನ ರೈಲು: ನಮ್ಮ ಗಡಿಸೀಮೆಯಲ್ಲಿ ಆಟಿಸಂ ಮಕ್ಕಳ ಮೊದಲ ನೆರವಿನ ಚರಿತ್ರೆ



1975ರ ಅಕ್ಟೋಬರ್ 2ರಂದು ಕೇಂದ್ರ ಸರ್ಕಾರ ದೇಶದಾದ್ಯಂತ 33 ಬ್ಲಾಕುಗಳನ್ನು ಆರಿಸಿಕೊಂಡು ಸಮಗ್ರ ಶಿಶು ಅಭಿವೃದ್ಧಿ ಯೋಜನೆಯನ್ನು ಪ್ರಾರಂಭಿಸಿತು. ನಾವು ದಿನವೂ ನೋಡುವ ಅಂಗನವಾಡಿ ಅದರ ಕೂಸು. ಆ 33ರಲ್ಲಿ ಕರ್ನಾಟಕದ ಪಾಲಿಗೆ ಬಂದದ್ದು ತಿ. ನರಸೀಪುರ. ಆಂಧ್ರದ ಪಾಲಿಗೆ ಬಂದವುಗಳಲ್ಲಿ ಒಂದು ಕಂಬದೂರು, ಅಂದರೆ ನಮ್ಮ ಕಲ್ಯಾಣದುರ್ಗದ ನೆರೆಯ ಊರು. ಮಳೆ ಕೈಕೊಟ್ಟರೆ ಗುಳೆ ಹೋಗುವ ಈ ಬರಗಾಲದ ಸೀಮೆಯನ್ನು ಸರ್ಕಾರ ಮೊದಲ ಪಟ್ಟಿಯಲ್ಲೇ ನೆನಪಿಸಿಕೊಂಡದ್ದು ದೊಡ್ಡ ಮಾತು. ಮಕ್ಕಳ ವಿಷಯದಲ್ಲಿ ನಮ್ಮ ಸೀಮೆ ಹಿಂದುಳಿದದ್ದು ಎಂದು ಕೇಳಿ ಕೇಳಿ ಬೆಳೆದ ನಮಗೆ ಇದೊಂದು ಹೊಸ ಸುದ್ದಿಯೇ.

ಆ ಅಂಗನವಾಡಿಯಲ್ಲಿ ಆರು ಸೇವೆಗಳಿದ್ದವು: ಪೂರಕ ಆಹಾರ, ಲಸಿಕೆ, ಆರೋಗ್ಯ ತಪಾಸಣೆ, ಆಸ್ಪತ್ರೆಗೆ ಕಳಿಸುವುದು, ತಾಯಂದಿರಿಗೆ ತಿಳಿವಳಿಕೆ, ಶಾಲಾಪೂರ್ವ ಶಿಕ್ಷಣ. ಮಗುವನ್ನು ತಕ್ಕಡಿಯಲ್ಲಿ ತೂಗಿ ಕಾರ್ಡಿನಲ್ಲಿ ಗೆರೆ ಎಳೆಯುತ್ತಿದ್ದರು. ಗೆರೆ ಕೆಳಗಿಳಿದರೆ ಎಲ್ಲರಿಗೂ ಗಾಬರಿ. ಆದರೆ ತೂಕ ಸರಿಯಾಗಿದ್ದು, ಲಸಿಕೆಯೂ ಆಗಿದ್ದು, ಎರಡು ವರ್ಷವಾದರೂ ಹೆಸರು ಹಿಡಿದು ಕರೆದರೆ ತಿರುಗಿ ನೋಡದ ಮಗು? ಬೇಕಾದದ್ದನ್ನು ಬೆರಳು ಮಾಡಿ ತೋರಿಸದೆ, ಅಮ್ಮನ ಕೈಯನ್ನೇ ಒಂದು ಸಲಕರಣೆಯ ಹಾಗೆ ಹಿಡಿದು ಡಬ್ಬಿಯ ಬಳಿಗೆ ಎಳೆದೊಯ್ಯುವ ಮಗು? ಒಂದೂವರೆ ವರ್ಷಕ್ಕೆ ಅಮ್ಮ, ಅತ್ತೆ ಎಂದು ನುಡಿದು ಆಮೇಲೆ ಆ ಮಾತುಗಳನ್ನೂ ಕಳೆದುಕೊಂಡ ಮಗು? ಅದಕ್ಕೆ ಕಾರ್ಡಿನಲ್ಲಿ ಗೆರೆ ಇರಲಿಲ್ಲ. ಅಂಥ ಮಗುವಿಗೆ ಸಿಗುತ್ತಿದ್ದದ್ದು ತಾಯತ, ದೃಷ್ಟಿ ತೆಗೆಯುವುದು, 'ಅವರಪ್ಪನೂ ತಡವಾಗಿಯೇ ಮಾತಾಡಿದ' ಎಂಬ ಸಮಾಧಾನ. ಇನ್ನೂ ಕೆಟ್ಟದ್ದೆಂದರೆ, ಬಸುರಿಯಿದ್ದಾಗ ಗ್ರಹಣ ನೋಡಿದಳು ಎಂದು ತಾಯಿಯ ತಲೆಗೆ ಕಟ್ಟುವುದು.

ಆ ಕಾಣದ ಗೆರೆ ಕಾಣುವಂತೆ ಆದದ್ದು ಹೇಗೆ, ಪೆನುಕೊಂಡ, ಹಿಂದೂಪುರ, ಕಲ್ಯಾಣದುರ್ಗದ ಮನೆಗಳ ತನಕ ಅದು ಎಷ್ಟರ ಮಟ್ಟಿಗೆ ಬಂದಿದೆ ಎಂಬುದನ್ನು ಈ ಸಲ ಬರೆಯೋಣ ಎಂದುಕೊಂಡೆವು.

ಆಟಿಸಂ, ಕನ್ನಡದ ಪಠ್ಯಗಳಲ್ಲಿ ಸ್ವಲೀನತೆ, ಮದ್ದು ಕುಡಿಸಿ ವಾಸಿ ಮಾಡುವ ಕಾಯಿಲೆಯಲ್ಲ. ಮಗುವಿನ ಮಿದುಳು ಬೆಳೆಯುವ ರೀತಿಯೇ ಬೇರೆ. ಮಾತು, ಇತರರೊಡನೆ ಒಡನಾಟ, ಆಟ ಇವು ಬೇರೆ ದಾರಿ ಹಿಡಿಯುತ್ತವೆ. ಕೆಲವು ಸದ್ದು, ಬಟ್ಟೆ, ತಿನಿಸು ಸಹಿಸಲಾಗದಷ್ಟು ಚುಚ್ಚುತ್ತವೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡುವುದರಲ್ಲಿ ನೆಮ್ಮದಿ ಸಿಗುತ್ತದೆ. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೈದರಾಬಾದ್, ಉತ್ತರ ಗೋವಾ ಸೇರಿ ಭಾರತದ ಐದು ಕಡೆ ಎರಡರಿಂದ ಒಂಬತ್ತು ವರ್ಷದ ಸುಮಾರು 4,000 ಮಕ್ಕಳನ್ನು ನೋಡಿತು. ಸರಿಸುಮಾರು ನೂರಕ್ಕೆ ಒಂದು ಮಗುವಿನಲ್ಲಿ ಆಟಿಸಂ ಕಂಡಿತು. ನಮ್ಮ ಧರ್ಮಕೇಂದ್ರದ ಮಕ್ಕಳನ್ನು ಎಣಿಸಿಕೊಂಡು ಲೆಕ್ಕ ಹಾಕಿ ನೋಡಿ. ಅಪರೂಪದ ಸಂಗತಿ ಎನ್ನಲಾಗದು.

ಈ ಚರಿತ್ರೆ ಬರೆಯುವವರೆಲ್ಲ 1943ರಿಂದ ಪ್ರಾರಂಭಿಸುತ್ತಾರೆ. ಆ ವರ್ಷ ಅಮೆರಿಕದ ಬಾಲ್ಟಿಮೋರಿನ ಮಕ್ಕಳ ಮನೋವೈದ್ಯ ಲಿಯೋ ಕಾನರ್ 11 ಮಕ್ಕಳ ಬಗ್ಗೆ ಪ್ರಬಂಧ ಬರೆದರು. ಮಾಸ್ಕೋದ ವೈದ್ಯೆ ಗ್ರುನ್ಯಾ ಸುಖರೇವಾ 1925ರಲ್ಲಿಯೇ ಇಂಥ ಗಂಡುಮಕ್ಕಳ ಬಗ್ಗೆ ಬರೆದಿದ್ದರು, ಬಹಳ ವರ್ಷ ಯಾರೂ ಕಿವಿಗೊಡಲಿಲ್ಲ. ನಮಗೆ ಕಾನರ್ ಅವರಿಗಿಂತ ಅವರ ಮೊದಲ ಮಗುವಿನ ತಂದೆತಾಯಿಯೇ ಮುಖ್ಯವಾಗಿ ಕಾಣುತ್ತಾರೆ. ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಸಣ್ಣ ಊರಿನ ಡೊನಾಲ್ಡ್ ಟ್ರಿಪ್ಲೆಟ್‌ನನ್ನು ಮೂರನೆಯ ವಯಸ್ಸಿನಲ್ಲಿ ವೈದ್ಯರ ಮಾತು ಕೇಳಿ ದೂರದ ಸಂಸ್ಥೆಯೊಂದಕ್ಕೆ ಸೇರಿಸಿದ್ದರು. ಸುಮಾರು ಒಂದು ವರ್ಷದ ಬಳಿಕ ತಂದೆತಾಯಿ ಹೋಗಿ ಕರೆದುಕೊಂಡು ಬಂದರು. ವಕೀಲರಾದ ತಂದೆ ಬೀಮನ್ ಮಗನ ನಡೆನುಡಿಯನ್ನೆಲ್ಲ 33 ಪುಟಗಳ ಕಾಗದದಲ್ಲಿ ಬರೆದು ಕಾನರ್‌ಗೆ ಕಳಿಸಿದರು. ಆಟಿಸಂನ ಮೊದಲ ಪ್ರಬಂಧದ ಬುನಾದಿ ಆ ಕಾಗದ. ಅಂದರೆ ಮೊದಲು ಕಂಡವರು ಮನೆಯವರು, ವೈದ್ಯರು ಆಮೇಲೆ.

ಆ ಹುಡುಗನಿಗೆ ಸಿಕ್ಕ ನೆರವು ಇನ್ನೂ ಸ್ವಾರಸ್ಯದ್ದು. ಕೆಲವು ವರ್ಷ ಅವನು ಲೂಯಿಸ್ ಎಂಬ ರೈತ ದಂಪತಿಗಳ ಮನೆಯಲ್ಲಿದ್ದ. ಅವರು ಓದಿದ ಚಿಕಿತ್ಸಕರಲ್ಲ. ಹುಡುಗನಿಗೆ ಕಂಡಕಂಡದ್ದನ್ನು ಅಳೆಯುವ ಹುಚ್ಚು. ಬಾವಿ ತೋಡಿಸಿ, ಎಷ್ಟು ಆಳವಾಯಿತು ಎಂದು ಅಳೆದು ಹೇಳುವ ಕೆಲಸ ಕೊಟ್ಟರು. ಜೋಳದ ಸಾಲು ಎಣಿಸುತ್ತಲೇ ಇರುತ್ತಿದ್ದ. ನೇಗಿಲು ಕೈಗೆ ಕೊಟ್ಟು, ಉಳುತ್ತಾ ಎಣಿಸು ಎಂದರು. ಕಾನರ್ ಹೋಗಿ ನೋಡಿದಾಗ ಹುಡುಗ ಕುದುರೆ ಕಟ್ಟಿ ಉಳುತ್ತಿದ್ದ. ನಮ್ಮ ಶೇಂಗಾ ಹೊಲದ ರೈತರಿಗೆ ಇದನ್ನು ಹೇಳಿದರೆ ಯಾವ ವಿವರಣೆಯೂ ಬೇಕಾಗುವುದಿಲ್ಲ. ಡೊನಾಲ್ಡ್ ಮುಂದೆ ಕಾಲೇಜು ಓದಿ, ಊರಿನ ಬ್ಯಾಂಕಿನಲ್ಲಿ ಕೆಲಸ ಮಾಡಿ, 2023ರಲ್ಲಿ ತನ್ನ 89ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಇಷ್ಟು ಚೆನ್ನಾಗಿ ಪ್ರಾರಂಭವಾದದ್ದು ಬೇಗ ಹಳಿ ತಪ್ಪಿತು. ತಂದೆತಾಯಿಯ ತಣ್ಣನೆಯ ಮನಸ್ಸೇ ಕಾರಣ ಎಂಬ ಮಾತು ಹುಟ್ಟಿತು. ಕಾನರ್ ಅವರ ಬರಹದಲ್ಲೂ ಅದರ ಬೀಜವಿತ್ತು. ಶಿಕಾಗೋದ ಬ್ರೂನೋ ಬೆಟೆಲ್‌ಹೈಮ್ ತಮ್ಮ 1967ರ ಪುಸ್ತಕದಿಂದ ಅದನ್ನು ಮನೆಮಾತಾಗಿಸಿದರು. ಮಗುವನ್ನು ತಾಯಿಯಿಂದ ದೂರ ಇಡುವುದೇ ಚಿಕಿತ್ಸೆ ಎಂದು ನಡೆಯಿತು. ಅಲ್ಲಿಯ ತಾಯಂದಿರಿಗೆ ತಣ್ಣನೆಯ ಮನಸ್ಸಿನ ಆರೋಪ, ಇಲ್ಲಿಯ ತಾಯಂದಿರಿಗೆ ಗ್ರಹಣದ ಆರೋಪ. ಕೋಟು ಹಾಕಿಕೊಂಡು ಹೇಳಿದರೂ, ಕಟ್ಟೆಯ ಮೇಲೆ ಕೂತು ಹೇಳಿದರೂ ಎರಡೂ ಒಂದೇ. ಈ ಮಾತನ್ನು ಮುರಿದವರೂ ತಂದೆತಾಯಂದಿರೇ. ಆಟಿಸಂ ಇದ್ದ ಮಗನ ತಂದೆ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲಂಡ್ 1964ರಲ್ಲಿ ಇದು ಮಿದುಳಿಗೆ ಸಂಬಂಧಿಸಿದ್ದು ಎಂದು ವಾದಿಸಿ ಪುಸ್ತಕ ಬರೆದರು. ಇಂಗ್ಲೆಂಡಿನಲ್ಲಿ 1962ರಲ್ಲಿ ತಂದೆತಾಯಂದಿರು ಸೇರಿ ಸಂಘ ಕಟ್ಟಿದರು; ಅವರಲ್ಲೊಬ್ಬರಾದ ಡಾ. ಲೋರ್ನಾ ವಿಂಗ್ ಅವರಿಗೂ ಆಟಿಸಂ ಇದ್ದ ಮಗಳಿದ್ದಳು.

ಇನ್ನು ನಮ್ಮ ದೇಶ. ಇಲ್ಲಿ ಒಂದು ವಿಷಯಕ್ಕೆ ನಾವು ಹೆಮ್ಮೆ ಪಡಬಹುದು. ಅಲ್ಲಿ ತಾಯಿಯನ್ನು ದೂರ ಇಡಬೇಕೆನ್ನುತ್ತಿದ್ದ ಕಾಲದಲ್ಲಿ, 1950ರ ದಶಕದಲ್ಲಿ, ಅಮೃತಸರದ ಮಾನಸಿಕ ಆಸ್ಪತ್ರೆಯ ಡಾ. ವಿದ್ಯಾಸಾಗರ್ ರೋಗಿಗಳ ಮನೆಯವರಿಗೆ ಆಸ್ಪತ್ರೆಯ ಆವರಣದಲ್ಲೇ ಡೇರೆ ಹಾಕಿಸಿ ಜೊತೆಯಲ್ಲಿ ಇರಿಸಿಕೊಂಡರು. ಹಾಸಿಗೆ ಸಾಲದೆ, ಸಿಬ್ಬಂದಿ ಸಾಲದೆ ಹುಟ್ಟಿದ ಉಪಾಯವದು. ಮನೆಯವರಿದ್ದರೆ ರೋಗಿ ಬೇಗ ಚೇತರಿಸುತ್ತಾನೆ ಎಂಬುದು ಅದರಿಂದ ತಿಳಿಯಿತು. ಬೆಂಗಳೂರಿನ ನಿಮ್ಹಾನ್ಸ್ ಕೂಡ ಮನೆಯವರನ್ನು ಒಳಗೆ ಬಿಟ್ಟುಕೊಂಡಿತು. ಅಲ್ಲಿನ ಮಕ್ಕಳ ವಿಭಾಗದಲ್ಲಿ ಮಗುವಿನ ಜೊತೆ ತಾಯಿಯೋ ತಂದೆಯೋ ಇರಲೇಬೇಕು. ಆ ಸಂಸ್ಥೆಗೆ ನಿಮ್ಹಾನ್ಸ್ ಎಂಬ ಹೆಸರು ಬಂದದ್ದು 1974ರಲ್ಲಿ. ಹಳೆಯ ತಲೆಮಾರಿನವರ ಬಾಯಲ್ಲಿ ಅದು ಇನ್ನೂ 'ಹುಚ್ಚಾಸ್ಪತ್ರೆ'ಯೇ. ಆ ಒಂದು ಪದದ ಹೆದರಿಕೆಯಿಂದ ಮಗುವನ್ನು ಅಲ್ಲಿಗೆ ಕರೆದೊಯ್ಯದ ಮನೆಗಳು ಲೆಕ್ಕವಿಲ್ಲದಷ್ಟು.

ಬೆಂಗಳೂರಿನಲ್ಲಿ ಅಂಗವಿಕಲರಿಗಾಗಿ 1959ರಲ್ಲಿ ಎನ್. ಎಸ್. ಹೇಮಾ ಅವರು ಸಂಸ್ಥೆ ಹುಟ್ಟುಹಾಕಿದರು. ಮರುವರ್ಷವೇ ಬುದ್ಧಿಮಾಂದ್ಯ ಮಕ್ಕಳ ಸಂಘ ಬಂತು. ಮೈಸೂರಿನ ಮಾನಸಗಂಗೋತ್ರಿಯ ಬಳಿ 1960ರ ದಶಕದ ನಡುವೆ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ತಲೆಯೆತ್ತಿತು. ಮಾತು ಬಾರದ ಮಕ್ಕಳಿಗೆ ಕನ್ನಡದಲ್ಲೇ ಪರೀಕ್ಷೆ, ಕನ್ನಡದಲ್ಲೇ ತರಬೇತಿ ಎಂಬುದು ಬೇರೂರಿದ್ದು ಅಲ್ಲಿ. ಅಲ್ಲಿಯ ಶಾಲಾಪೂರ್ವ ತರಗತಿಗಳಲ್ಲಿ ತಾಯಂದಿರೂ ಮಕ್ಕಳ ಜೊತೆ ಕುಳಿತು ಕಲಿಯುತ್ತಾರೆ. ದೂರದ ಊರಿನವರು ಮೈಸೂರಿನಲ್ಲಿ ಬಾಡಿಗೆ ಕೋಣೆ ಹಿಡಿದು ಮಗುವಿನ ಚಿಕಿತ್ಸೆ ಮಾಡಿಸುವುದು ಅಂದಿನಿಂದ ಇಂದಿನವರೆಗೂ ನಡೆದೇ ಇದೆ.

ನಮ್ಮ ಧರ್ಮಸಭೆಯವರ ಹೆಸರೂ ಇಲ್ಲಿ ಬರುತ್ತದೆ. 1970ರಲ್ಲಿ ಮಂಗಳೂರಿನ ಬೆಂದೂರಿನಲ್ಲಿ ಅಪೋಸ್ತಲಿಕ್ ಕಾರ್ಮೆಲ್ ಸಿಸ್ಟರ್‌ಗಳು ಸಂತ ಆಗ್ನೆಸ್ ವಿಶೇಷ ಶಾಲೆಯನ್ನು ತೆರೆದರು. ಅದೇ ವರ್ಷ ಬೆಂಗಳೂರಿನಲ್ಲಿ ಆಶಾನಿಕೇತನ ಶುರುವಾಯಿತು; ಬುದ್ಧಿವೈಕಲ್ಯವಿರುವ ದೊಡ್ಡವರು ಇತರರ ಜೊತೆ ಒಂದೇ ಮನೆಯಲ್ಲಿ ಬಾಳುವ 'ಲಾರ್ಷ್' ಬಳಗದ ಭಾರತದ ಮೊದಲ ಮನೆ ಅದು. ಆ ಬಳಗದ ಸ್ಥಾಪಕ ಜಾನ್ ವಾನಿಯೇ ಹಲವು ಹೆಂಗಸರನ್ನು ಲೈಂಗಿಕವಾಗಿ ದುರುಪಯೋಗಪಡಿಸಿಕೊಂಡಿದ್ದರು ಎಂದು ಬಳಗವೇ ನಡೆಸಿದ ತನಿಖೆ 2020ರಲ್ಲಿ ಹೊರಗಿಟ್ಟಿತು. ಇದನ್ನು ಮುಚ್ಚಿಟ್ಟು ಮನೆಗಳ ಒಳ್ಳೆಯ ಕೆಲಸವನ್ನಷ್ಟೇ ಹೇಳುವುದು ನಮಗೆ ಒಪ್ಪಿಗೆಯಿಲ್ಲ. ಮನೆಗಳನ್ನು ನಡೆಸಿದವರು ಬೇರೆಯವರು, ಅವರ ದುಡಿಮೆ ದುಡಿಮೆಯೇ.

ಆದರೆ ಗಮನಿಸಿ, ಇವೆಲ್ಲ ಇದ್ದದ್ದು ದೊಡ್ಡ ಊರುಗಳಲ್ಲಿ. ಮೇಲಾಗಿ ಎಲ್ಲವೂ 'ಬುದ್ಧಿಮಾಂದ್ಯ' ಎಂಬ ಒಂದೇ ಗೋಣಿಚೀಲದಲ್ಲಿ ಎಲ್ಲ ಮಕ್ಕಳನ್ನೂ ತುಂಬಿದ ಕಾಲದವು. ಸ್ವಲ್ಪ ಮಾತಾಡುವ, ರೈಲಿನ ವೇಳಾಪಟ್ಟಿ ಬಾಯಿಪಾಠ ಹೇಳುವ, ಆದರೆ ಮದುವೆ ಮನೆಯ ಗದ್ದಲದಲ್ಲಿ ಕಿವಿ ಮುಚ್ಚಿ ಕಿರುಚುವ ಮಗು ಆ ಚೀಲದೊಳಗೆ ಹಿಡಿಸುತ್ತಿರಲಿಲ್ಲ. ಅಂಥವನಿಗೆ ಊರು ಕೊಟ್ಟ ಹೆಸರು ಹಟಮಾರಿ.

ಅನಂತಪುರದ ಕಡೆ ಬಂದರೆ ಒಂದು ಹೆಸರನ್ನು ದಾಟಿ ಹೋಗಲಾಗದು. ಬಾರ್ಸಿಲೋನಾದಲ್ಲಿ ಹುಟ್ಟಿದ ವಿನ್ಸೆಂಟ್ ಫೆರರ್ 1952ರಲ್ಲಿ ಯೇಸುಸಭೆಯವರಾಗಿ ಭಾರತಕ್ಕೆ ಬಂದರು. ಮಹಾರಾಷ್ಟ್ರದ ಮನ್ಮಾಡಿನಲ್ಲಿ ರೈತರ ನಡುವೆ ಕೆಲಸ ಮಾಡಿದರು, 1968ರಲ್ಲಿ ಅಲ್ಲಿಂದ ಹೊರಹೋಗಬೇಕಾಯಿತು. 1969ರಲ್ಲಿ ಅನಂತಪುರಕ್ಕೆ ಬಂದು ಗ್ರಾಮೀಣಾಭಿವೃದ್ಧಿ ಟ್ರಸ್ಟ್, ಜನರ ಬಾಯಲ್ಲಿ ಆರ್‌ಡಿಟಿ, ಕಟ್ಟಿದರು. ಮರುವರ್ಷ ಯೇಸುಸಭೆ ಬಿಟ್ಟು ಆ್ಯನ್ ಪೆರಿ ಅವರನ್ನು ಮದುವೆಯಾದರು. 2009ರಲ್ಲಿ ಅವರು ತೀರಿಕೊಂಡಾಗ ಈ ಜಿಲ್ಲೆಯ ಹಳ್ಳಿಗಳು ಅತ್ತ ಬಗೆಯನ್ನು ಕಂಡವರು ಇನ್ನೂ ಹೇಳುತ್ತಾರೆ. ಕಲ್ಯಾಣದುರ್ಗ, ಕಣೇಕಲ್ಲು, ಬತ್ತಲಪಲ್ಲಿಯ ಆಸ್ಪತ್ರೆಗಳು ಆ ಟ್ರಸ್ಟಿನವು. 1980ರ ದಶಕದ ಕೊನೆಯ ಹೊತ್ತಿಗೆ ಟ್ರಸ್ಟ್ ಅಂಗವಿಕಲರ ಕೆಲಸಕ್ಕೆ ಕೈಹಾಕಿತ್ತು. ಅದು ಹಿಡಿದ ದಾರಿ ಹಳ್ಳಿಯಲ್ಲೇ ಪುನರ್ವಸತಿ: ಕಾರ್ಯಕರ್ತರು ಮನೆಮನೆಗೆ ಹೋಗುವುದು, ಅಂಗವಿಕಲರದೇ ಸಂಘ ಕಟ್ಟುವುದು, ಅಗತ್ಯವಿದ್ದ ಮಕ್ಕಳಿಗೆ ವಿಶೇಷ ಶಾಲೆ ಮತ್ತು ತರಬೇತಿ ಕೇಂದ್ರ. ಪೋಲಿಯೊ, ಕುರುಡು, ಕಿವುಡು, ಸೆರೆಬ್ರಲ್ ಪಾಲ್ಸಿ, ಬುದ್ಧಿವೈಕಲ್ಯ ಇವು ಕಣ್ಣಿಗೆ ಕಾಣುತ್ತಿದ್ದವು, ಆದ್ದರಿಂದ ಮೊದಲು ಅವಕ್ಕೆ ನೆರವು. ಆಟಿಸಂ ಕಣ್ಣಿಗೆ ಕಾಣುವಂಥದ್ದಲ್ಲ, ಅದರ ಸರದಿ ತಡವಾಗಿ ಬಂತು. ಆದರೂ ಮನೆ ಬಾಗಿಲಿಗೆ ಬರುವ ಕಾರ್ಯಕರ್ತೆ ಎಂಬ ಆ ಏರ್ಪಾಡು ಮುಂದೆ ಎಷ್ಟು ಬೆಲೆಬಾಳುವಂಥದ್ದು ಎಂಬುದನ್ನು ಕೊನೆಯಲ್ಲಿ ಹೇಳುತ್ತೇವೆ.

ಪಕ್ಕದ ಬಳ್ಳಾರಿಯಲ್ಲೂ ಅದೇ ಹೊತ್ತಿಗೆ ಒಂದು ದೊಡ್ಡ ಪ್ರಯೋಗ ನಡೆಯಿತು. 1980ರ ದಶಕದ ನಡುವೆ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗಳಿಗೆ ತಾಲ್ಲೂಕಿನಲ್ಲೇ ಮದ್ದು ಸಿಗುವಂತೆ ಮಾಡಿತು. 'ಬಳ್ಳಾರಿ ಮಾದರಿ' ಎಂದೇ ಹೆಸರಾಗಿ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಅಚ್ಚಾಯಿತು. ದೊಡ್ಡವರ ಕಾಯಿಲೆ, ಮೂರ್ಛೆರೋಗಕ್ಕೆ ಇದು ವರವಾಯಿತು. ಎರಡು ವರ್ಷದ ಮಗುವಿನ ಮಾತು ಆಟಗಳನ್ನು ನೋಡುವವರು ಮಾತ್ರ ಅಲ್ಲೂ ಇರಲಿಲ್ಲ.

ಕಾನೂನಿನ ಕಥೆ ಬೇಸರದ್ದು, ಬೇಗ ಹೇಳಿ ಮುಗಿಸುತ್ತೇವೆ. 1995ರ ಅಂಗವಿಕಲರ ಕಾಯ್ದೆ ಏಳು ವೈಕಲ್ಯಗಳನ್ನು ಪಟ್ಟಿ ಮಾಡಿತು, ಆಟಿಸಂ ಅದರಲ್ಲಿ ಇರಲಿಲ್ಲ. 1999ರಲ್ಲಿ ಆಟಿಸಂ ಹೆಸರನ್ನು ತಲೆಬರಹದಲ್ಲೇ ಇಟ್ಟುಕೊಂಡು ರಾಷ್ಟ್ರೀಯ ಟ್ರಸ್ಟ್ ಕಾಯ್ದೆ ಬಂತು. 2009ರಲ್ಲಿ ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಿಂದ ಭಾರತದ್ದೇ ಆದ 40 ಅಂಶಗಳ ಅಳತೆಗೋಲು ಹೊರಬಂತು. 2016ರ ಕಾಯ್ದೆ ವೈಕಲ್ಯಗಳನ್ನು 21ಕ್ಕೆ ಏರಿಸಿದಾಗ ಆಟಿಸಂಗೆ ಪೂರ್ತಿ ಜಾಗ ಸಿಕ್ಕಿತು. ಅಂದರೆ 1995ರಲ್ಲಿ ಹುಟ್ಟಿದ ಮಗುವಿಗೆ ಪ್ರಮಾಣಪತ್ರ ಬೇಕಿದ್ದರೆ 'ಬುದ್ಧಿಮಾಂದ್ಯ' ಎಂದೇ ಬರೆಸಿಕೊಳ್ಳಬೇಕಿತ್ತು. ಕೆಲವು ತಂದೆತಾಯಂದಿರು ಅದಕ್ಕೆ ಒಪ್ಪದೆ ಸವಲತ್ತನ್ನೇ ಬಿಟ್ಟರು.

ಕಾಯ್ದೆಗೆ ಕಾಯದೆ ನಡೆದವರು ಯಾರು? ಮತ್ತೆ ತಾಯಂದಿರು. ದೆಹಲಿಯಲ್ಲಿ ಮೇರಿ ಬರುವಾ ತಮ್ಮ ಮಗನಿಗಾಗಿ ಓದಿ ಕಲಿತು 1991ರಲ್ಲಿ 'ಆ್ಯಕ್ಷನ್ ಫಾರ್ ಆಟಿಸಂ' ಕಟ್ಟಿದರು. ಬೆಂಗಳೂರಿನಲ್ಲಿ 1995ರಲ್ಲಿ ಜಯಶ್ರೀ ರಮೇಶ್ ಅವರ ಮುಂದಾಳತ್ವದಲ್ಲಿ 'ಆಶಾ' ಅಕಾಡೆಮಿ ಬಂತು. ಅದೇ ವರ್ಷ ದೇಶದ ತಂದೆತಾಯಂದಿರ ಸಂಘಗಳು ಸೇರಿ 'ಪರಿವಾರ್' ಒಕ್ಕೂಟವಾದವು.

ಇಲ್ಲಿಂದ ಮುಂದಿನದು ನಮಗೆ ಬಹಳ ಹಿಡಿಸಿದ ಭಾಗ. ಪ್ರತಿಭಾ ಕಾರಂತ್ ಎಂಬ ವಾಕ್ ಭಾಷಾ ತಜ್ಞೆ ಮಾತು ಮತ್ತು ಓದಿನ ತೊಂದರೆಗಳ ಬಗ್ಗೆ, ಅದರಲ್ಲೂ ಕನ್ನಡ ಮಾತಾಡುವ ಮಕ್ಕಳ ಬಗ್ಗೆ, ವರ್ಷಗಟ್ಟಲೆ ಕೆಲಸ ಮಾಡಿದವರು. ಹುಲಿಗಳ ಉಲ್ಲಾಸ ಕಾರಂತರ ಹೆಂಡತಿ, ಕೋಟ ಶಿವರಾಮ ಕಾರಂತರ ಸೊಸೆ ಎಂದರೆ ನಿಮಗೆ ಬೇಗ ಗುರುತು ಹತ್ತಬಹುದು, ಆದರೆ ಅವರ ಕೆಲಸಕ್ಕೆ ಆ ಗುರುತಿನ ಅಗತ್ಯವಿಲ್ಲ. 2000ನೆಯ ಇಸವಿಯಲ್ಲಿ ಅವರು ಬೆಂಗಳೂರಿನಲ್ಲಿ 'ಕಮ್ಯುನಿಕೇಷನ್ ಡೀಲ್' ಎಂಬ ಕಾರ್ಯಕ್ರಮ ಪ್ರಾರಂಭಿಸಿದರು. ಈಗ ಜನ 'ಕಾಮ್ ಡೀಲ್' ಎನ್ನುತ್ತಾರೆ.

ಆ ಹೊತ್ತಿನ ತೊಂದರೆ ಹೀಗಿತ್ತು. ಮಗುವಿಗೆ ಆಟಿಸಂ ಎಂದು ತಿಳಿದರೂ ವಾರಕ್ಕೆ ಮುಕ್ಕಾಲು ಗಂಟೆ ಮಾತಿನ ತರಬೇತಿ, ಇನ್ನೆಲ್ಲೋ ಅರ್ಧ ಗಂಟೆ ದೈಹಿಕ ತರಬೇತಿ, ಮತ್ತೆಲ್ಲೋ ಮನಶ್ಶಾಸ್ತ್ರಜ್ಞರ ಭೇಟಿ. ತಾಯಿ ಮಗುವನ್ನು ಎತ್ತಿಕೊಂಡು ಊರೆಲ್ಲ ಬಸ್ಸು ಹತ್ತಿ ಇಳಿಯಬೇಕು. ಒಬ್ಬರು ಹೇಳಿದ್ದು ಇನ್ನೊಬ್ಬರಿಗೆ ತಿಳಿಯದು. ಅಮೆರಿಕದಲ್ಲಿ ವಾರಕ್ಕೆ 40 ಗಂಟೆ, ಒಂದು ಮಗುವಿಗೆ ಒಬ್ಬ ಶಿಕ್ಷಕರು ಎಂಬ ಪದ್ಧತಿ ಹೆಸರು ಮಾಡಿತ್ತು. ಅಷ್ಟು ದುಡ್ಡು ಇಲ್ಲಿ ಯಾರ ಬಳಿ ಇದೆ?

ಕಾಮ್ ಡೀಲ್ ಇವನ್ನೆಲ್ಲ ಒಂದೇ ಸೂರಿನಡಿ ತಂದಿತು. ಆರು ವರ್ಷದೊಳಗಿನ ಹನ್ನೆರಡರಷ್ಟು ಮಕ್ಕಳ ಒಂದು ಗುಂಪು. ಮಾತಿನ ತಜ್ಞೆ, ಆಕ್ಯುಪೇಷನಲ್ ಥೆರಪಿಸ್ಟ್, ಮನಶ್ಶಾಸ್ತ್ರ ಓದಿದವರು, ಶಿಕ್ಷಕಿ ಎಲ್ಲರೂ ಒಟ್ಟಿಗೆ. ದಿನಕ್ಕೆ ಮೂರು ಗಂಟೆ, ವಾರಕ್ಕೆ ಐದು ದಿನ, ಒಂದು ಶಾಲಾ ವರ್ಷದ ಅವಧಿ. ಓಡುವುದು ಹಾರುವುದರಿಂದ ಹಿಡಿದು ಕೈಬೆರಳಿನ ಕೆಲಸ, ಊಟ ಬಟ್ಟೆಯ ರೂಢಿ, ಮಾತು ಅರ್ಥವಾಗುವುದು, ಮಾತಾಡುವುದು, ಆಲೋಚನೆ, ಒಡನಾಟ, ಭಾವನೆ ಎಂದು ಎಂಟು ಅಂಗಳಗಳಲ್ಲಿ ಮಗು ಎಲ್ಲಿದೆ ಎಂದು ವರ್ಷದ ಮೊದಲಿಗೂ ಕೊನೆಗೂ ಅಳೆಯುತ್ತಾರೆ. ಬಾಯಿ, ತುಟಿ, ನಾಲಿಗೆಯ ಚಲನೆಗೆ ವಿಶೇಷ ಗಮನ ಕೊಡುತ್ತಾರೆ, ಏಕೆಂದರೆ ಮಾತಾಡಲು ಮನಸ್ಸಿದ್ದರೂ ನಾಲಿಗೆ ಹೊರಳದ ಮಕ್ಕಳೂ ಇದ್ದಾರೆ. ತಾಯಿತಂದೆಯರನ್ನು ಬಾಗಿಲ ಹೊರಗೆ ಕೂರಿಸದೆ, ಮನೆಯಲ್ಲಿ ಮುಂದುವರಿಸುವ ಕೆಲಸವನ್ನು ಅವರಿಗೆ ಕಲಿಸುತ್ತಾರೆ. ಗುರಿ ಸಾಮಾನ್ಯ ಶಾಲೆ. ಫಲ ಏನು ಎಂಬುದನ್ನು 2010ರಲ್ಲಿ ಭಾರತದ ಮಕ್ಕಳ ವೈದ್ಯರ ಪತ್ರಿಕೆಯಲ್ಲಿ ಪ್ರಕಟಿಸಿದರು. ಮಕ್ಕಳಲ್ಲಿ ಒಳ್ಳೆಯ ಮುನ್ನಡೆ ಕಂಡಿತ್ತು. ಎಲ್ಲ ಮಕ್ಕಳೂ ಒಂದೇ ಸಮ ಮುಂದೆ ಹೋಗುವುದಿಲ್ಲ ಎಂಬುದನ್ನೂ ಇಲ್ಲಿ ಸೇರಿಸಬೇಕು. ಕೆಲವರು ಸಾಮಾನ್ಯ ಶಾಲೆಗೆ ಹೋಗುತ್ತಾರೆ, ಕೆಲವರಿಗೆ ಬದುಕಿನುದ್ದಕ್ಕೂ ಆಸರೆ ಬೇಕು. ಆರು ತಿಂಗಳಲ್ಲಿ ಪೂರ್ತಿ ವಾಸಿ ಎಂದು ಜಾಹೀರಾತು ಕೊಡುವವರನ್ನು ಕಂಡರೆ ಕೈಚೀಲ ಗಟ್ಟಿಯಾಗಿ ಹಿಡಿದುಕೊಳ್ಳಿ.

ಈಗ ಪೆನುಕೊಂಡದ ರೈಲ್ವೆ ಸ್ಟೇಷನ್ನಿಗೆ ಬರೋಣ. 1565ರ ಬಳಿಕ ವಿಜಯನಗರದ ಅರಸರು ರಾಜಧಾನಿಯನ್ನೇ ಇಲ್ಲಿಗೆ ಹೊತ್ತು ತಂದರು, ಅಂದಿನಿಂದಲೂ ಈ ಊರು ಎರಡು ನುಡಿಗಳ ನಡುವೆ ಕುಳಿತಿದೆ. ಗುಂತಕಲ್ಲು ಮಾರ್ಗದ ರೈಲು ಒಂದು ಕಡೆ ಅನಂತಪುರಕ್ಕೆ, ಇನ್ನೊಂದು ಕಡೆ ಹಿಂದೂಪುರ ದಾಟಿ ಬೆಂಗಳೂರಿಗೆ. ಆಟಿಸಂ ಇರುವ ಮಗುವಿನ ಮನೆಯವರು ಯಾವ ಕಡೆಯ ರೈಲು ಹತ್ತಬೇಕು?

ತಜ್ಞರು ಹೆಚ್ಚಾಗಿರುವುದು ಬೆಂಗಳೂರಿನಲ್ಲಿ. ಕನ್ನಡದಲ್ಲಿ ಮಾತಾಡಿಸುವವರೂ ಅಲ್ಲಿದ್ದಾರೆ. ಆದರೆ ಪ್ರಮಾಣಪತ್ರಕ್ಕೆ ಆಂಧ್ರದ ಸದರಂ ಶಿಬಿರಕ್ಕೇ ಹೋಗಬೇಕು, ಗ್ರಾಮ ಸಚಿವಾಲಯದಲ್ಲಿ ಮೊದಲು ದಿನ ಗೊತ್ತುಮಾಡಿಕೊಳ್ಳಬೇಕು. 2024ರ ಜುಲೈನಿಂದ ಆಂಧ್ರ ಸರ್ಕಾರ ಅಂಗವಿಕಲರಿಗೆ ತಿಂಗಳಿಗೆ 6,000 ರೂಪಾಯಿ ಪಿಂಚಣಿ ಕೊಡುತ್ತಿದೆ. ಕೂಲಿ ಮಾಡುವ ಮನೆಗೆ ಅದು ಸಣ್ಣ ಹಣವಲ್ಲ. ಹೀಗೆ ತರಬೇತಿ ಒಂದು ರಾಜ್ಯದಲ್ಲಿ, ಕಾಗದಪತ್ರ ಇನ್ನೊಂದು ರಾಜ್ಯದಲ್ಲಿ. ಸಿಕಂದರಾಬಾದಿನಲ್ಲಿ 1984ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಸಂಸ್ಥೆ ಇದೆ, 2021ರಿಂದ ಅಂಥ ರಾಷ್ಟ್ರೀಯ ಸಂಸ್ಥೆಗಳಲ್ಲಿ ಎಳೆಯ ಮಕ್ಕಳಿಗೆಂದೇ ಕೇಂದ್ರಗಳೂ ಬಂದಿವೆ, ಆದರೆ ಅದು ಒಂದು ರಾತ್ರಿಯ ಪ್ರಯಾಣ. ವಾರಕ್ಕೆ ಐದು ದಿನ ಎಂಬ ಲೆಕ್ಕ ಇಟ್ಟರೆ ಬೆಂಗಳೂರೂ ದೂರವೇ. ತಾಯಿ ಮಗುವಿನ ಜೊತೆ ಬೆಂಗಳೂರಿನಲ್ಲಿ ಕೋಣೆ ಮಾಡಿದರೆ ಇಲ್ಲಿ ಉಳಿದ ಮಕ್ಕಳನ್ನು ನೋಡುವವರು ಅಜ್ಜಿ. ಅಜ್ಜಿಗೆ ಕೈಲಾಗದಿದ್ದರೆ ತರಬೇತಿ ಮೂರನೇ ತಿಂಗಳಿಗೆ ನಿಲ್ಲುತ್ತದೆ.

ಸರ್ಕಾರ ಈ ದೂರವನ್ನು ಕಡಿಮೆ ಮಾಡಲು ನೋಡಿಲ್ಲವೆಂದಲ್ಲ. 2013ರ ಫೆಬ್ರವರಿಯಲ್ಲಿ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ಬಂತು. ಅದರ ಸಂಚಾರಿ ತಂಡ ವರ್ಷಕ್ಕೆ ಎರಡು ಸಲ ಅಂಗನವಾಡಿಗೆ, ಒಂದು ಸಲ ಶಾಲೆಗೆ ಬಂದು ಮಕ್ಕಳನ್ನು ನೋಡಬೇಕು. ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಆಟಿಸಂ ಕೂಡ ಇದೆ. ಸಂಶಯ ಬಂದರೆ ಜಿಲ್ಲಾ ಮಟ್ಟದ ಆರಂಭಿಕ ನೆರವು ಕೇಂದ್ರಕ್ಕೆ ಕಳಿಸಬೇಕು. ಕಂಬದೂರಿನ ತಕ್ಕಡಿಗೆ 38 ವರ್ಷಗಳ ಬಳಿಕ ಆ ಕಾಣದ ಗೆರೆ ಹೀಗೆ ಸೇರಿಕೊಂಡಿತು, ಕಾಗದದ ಮೇಲೆ. ನೂರಾರು ಮಕ್ಕಳನ್ನು ಕೆಲವೇ ಗಂಟೆಗಳಲ್ಲಿ ನೋಡುವ ತಂಡಕ್ಕೆ ಸೀಳುತುಟಿ ಕಾಣುತ್ತದೆ, ಹಲ್ಲಿನ ಹುಳುಕು ಕಾಣುತ್ತದೆ. ಮೂಲೆಯಲ್ಲಿ ಗಾಲಿ ತಿರುಗಿಸುತ್ತಾ ತನ್ನಷ್ಟಕ್ಕೆ ಕೂತ ಮಗು 'ಒಳ್ಳೆಯ ಮಗು, ಗಲಾಟೆಯಿಲ್ಲ' ಎಂದೇ ಕಾಣುವುದು ಸಹಜ. ಆರು ವರ್ಷದ ನಂತರವಾದರೆ ಮಂಡಲದ ಭವಿತ ಕೇಂದ್ರಗಳಿವೆ. ಅದಕ್ಕೂ ಮುಂಚಿನ ನಾಲ್ಕು ವರ್ಷಗಳೇ ಬೆಲೆಬಾಳುವವು.

ಆದ್ದರಿಂದ ಮನೆ ಬಾಗಿಲಿಗೆ ಬರುವ ಕಾರ್ಯಕರ್ತೆಯ ಮಾತಿಗೆ ಮರಳಬೇಕು. ಗೋವಾದ 'ಸಂಗಾತ್' ಸಂಸ್ಥೆಯವರು ಪಾಕಿಸ್ತಾನದ ರಾವಲ್ಪಿಂಡಿಯವರ ಜೊತೆ ಸೇರಿ ಒಂದು ಪರೀಕ್ಷೆ ನಡೆಸಿದರು, 2016ರಲ್ಲಿ ಅದರ ಫಲ ಪ್ರಕಟವಾಯಿತು. ಒಟ್ಟು 65 ಮಕ್ಕಳು. ತರಬೇತಿ ಕೊಟ್ಟವರು ತಜ್ಞರಲ್ಲ, ಕಲಿಸಿ ಸಿದ್ಧಪಡಿಸಿದ ಸ್ಥಳೀಯ ಕಾರ್ಯಕರ್ತರು. ಹದಿನೈದು ದಿನಕ್ಕೊಮ್ಮೆ, ಒಟ್ಟು 12 ಸಲ. ಮಗು ಮತ್ತು ತಾಯಿ ಆಡುವುದನ್ನು ವಿಡಿಯೊ ಮಾಡಿ, ಆಮೇಲೆ ತಾಯಿಗೇ ತೋರಿಸುವುದು: ಇಲ್ಲಿ ಮಗು ನಿಮ್ಮ ಕಡೆ ನೋಡಿತು ನೋಡಿ, ಇಲ್ಲಿ ನೀವು ಸ್ವಲ್ಪ ಕಾದಿದ್ದಕ್ಕೆ ತಾನೇ ಮುಂದೆ ಬಂತು. ತಾಯಂದಿರು ಮಗುವಿನ ಹೆಜ್ಜೆಗೆ ಹೆಜ್ಜೆ ಹಾಕುವುದು ಹೆಚ್ಚಿತು, ಮಗು ತಾನಾಗಿ ಒಡನಾಟ ಪ್ರಾರಂಭಿಸುವುದೂ ಹೆಚ್ಚಿತು. ದುಬಾರಿ ಸಲಕರಣೆ ಬೇಕಾಗಲಿಲ್ಲ, ತಟ್ಟೆ ಲೋಟ ಚೆಂಡು ಸಾಕು. ಕಾಮ್ ಡೀಲ್‌ನಂಥ ಕೇಂದ್ರ ಹಿಂದೂಪುರಕ್ಕೆ ಬರುವುದು ಯಾವಾಗಲೋ. ಇಂಥ ಕೆಲಸ ಕಲಿತ ಇಬ್ಬರು ಹುಡುಗಿಯರು ಮಂಡಲಕ್ಕೆ ಇದ್ದರೆ ಸಾಕು ಎಂದು ನಮಗನಿಸುತ್ತದೆ. ಬಿ.ಇಡಿ., ನರ್ಸಿಂಗ್, ಸೋಷಿಯಲ್ ವರ್ಕ್ ಓದುವ ನಮ್ಮ ಯುವತಿಯರು ಮೈಸೂರು, ಸಿಕಂದರಾಬಾದಿನ ಕೋರ್ಸುಗಳ ಕಡೆ ಒಂದು ಸಲ ಕಣ್ಣು ಹಾಯಿಸಲಿ. 1992ರ ಕಾಯ್ದೆಯಡಿ ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಸಿಗುವ ಕೋರ್ಸುಗಳೇ ಆಗಿರಲಿ.

ಕೊನೆಗೆ ಭಾಷೆಯ ವಿಷಯ, ಗಡಿಯವರಾದ ನಮಗೆ ಮಾತ್ರ ಇರುವ ತೊಡಕು. ಮಡಕಶಿರಾ, ಅಮರಾಪುರ, ರೊಳ್ಳ, ಅಗಳಿಯ ಕಡೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ತೆಲುಗು. ಹಿಂದೂಪುರದ ಬೀದಿಯಲ್ಲಿ ಇವೆರಡರ ಜೊತೆ ಉರ್ದು. ಮಗು ಮಾತಾಡದಿದ್ದರೆ ಮೊದಲು ಬೀಳುವ ಬೈಗುಳ, 'ಮನೆಯಲ್ಲಿ ಮೂರು ಭಾಷೆ ಆಡಿ ಮಗುವಿನ ತಲೆ ಕೆಡಿಸಿದಿರಿ'. ಎಷ್ಟೋ ಮನೆಗಳಿಗೆ ಕನ್ನಡ ಬಿಡಿ, ತೆಲುಗು ಒಂದನ್ನೇ ಆಡಿ, ಇಲ್ಲವೇ ಇಂಗ್ಲಿಷ್ ಒಂದನ್ನೇ ಆಡಿ ಎಂಬ ಸಲಹೆ ಸಿಕ್ಕಿದ್ದುಂಟು. ಸಂಶೋಧನೆಗಳು ಬೇರೆಯೇ ಹೇಳುತ್ತವೆ. ಎರಡು ನುಡಿ ಕೇಳಿ ಬೆಳೆಯುವುದರಿಂದ ಆಟಿಸಂ ಬರುವುದೂ ಇಲ್ಲ, ಆಟಿಸಂ ಇರುವ ಮಗುವಿನ ಮಾತು ಅದರಿಂದ ಇನ್ನಷ್ಟು ಹಿಂದೆ ಬೀಳುವುದೂ ಇಲ್ಲ. ಬದಲಿಗೆ ತಾಯಿ ತನಗೆ ಸಲೀಸಲ್ಲದ ಭಾಷೆಯಲ್ಲಿ ಮಗುವಿನ ಜೊತೆ ಆಡಲು ಹೋದರೆ ಮಾತೇ ಕಡಿಮೆಯಾಗುತ್ತದೆ, ಅಜ್ಜಿಯ ಜೊತೆಗಿನ ನಂಟು ಕಡಿಯುತ್ತದೆ. ಹೆಸರು ಕರೆದರೆ ತಿರುಗುವುದನ್ನು ಕಲಿಸುವಾಗ, 'ಕೊಡು', 'ಬೇಕು', 'ಸಾಕು' ಎನ್ನುವುದನ್ನು ಕಲಿಸುವಾಗ ಮನೆಯ ನುಡಿಯಲ್ಲೇ ಕಲಿಸಬಹುದು. ತಪಾಸಣೆಗೆ ಹೋದಾಗ ಮಗುವಿಗೆ ಮನೆಯಲ್ಲಿ ಯಾವ ಭಾಷೆ ಕೇಳಿಸುತ್ತದೆ ಎಂದು ನಾವೇ ಮೊದಲು ಹೇಳಬೇಕು. ಬೇರೆ ಭಾಷೆಯಲ್ಲಿ ಕೇಳಿದ ಪ್ರಶ್ನೆಗೆ ಮಗು ಸುಮ್ಮನಿದ್ದದ್ದು ಕಾಗದದಲ್ಲಿ ಬೇರೆ ಏನೋ ಆಗಿ ಬರೆದುಹೋಗಬಾರದು. ಶಾಲೆಯ ತೆಲುಗು ಶಾಲೆಯಲ್ಲಿ ಬರುತ್ತದೆ.